ಮರಳಿ ಬಂದದ್ದು

ಕೈಗವಸು ಎರಡು ಜೊತೆ ಹಾಕಿಕೋ, ರೈಖಾನ್.
ತೆಮಿರ್ತಾವ್‌ನ ಚಳಿಗೆ ಹೊಸಬರು ಹಳಬರು ಎಂಬುದಿಲ್ಲ.
ಊರ ಹೆಸರಿಗೆ ಕಬ್ಬಿಣದ ಬೆಟ್ಟ ಎಂದರ್ಥ,
ಬೆಟ್ಟವನ್ನು ನಾನಂತೂ ಕಂಡಿಲ್ಲ.
ಕುಲುಮೆ ಇದೆ, ಅದರ ಮಸಿ ಇದೆ;
ಬೆಳಿಗ್ಗೆ ಬಿದ್ದ ಹಿಮಕ್ಕೆ ಸಂಜೆಯ ಹೊತ್ತಿಗೆ
ಕಾವಲಿಯ ಬೆನ್ನಿನ ಬಣ್ಣ.

ಚೀಲದಲ್ಲಿ ಏನೇನಿದೆ, ಹೇಳು ನೋಡೋಣ.
ಸಿರಿಂಜು ನೂರು, ಸ್ಪಿರಿಟ್ಟಿನ ಬಟ್ಟೆ, ಕಾಂಡೋಮು,
ಬೆರಳು ಚುಚ್ಚಿ ನೋಡುವ ಪಟ್ಟಿ,
ಉಸಿರು ನಿಲ್ಲುವವರಿಗೆಂದು ಎರಡು ಸೀಸೆ ಮದ್ದು.
ಸೀಸೆ ಚೀಲದಲ್ಲಿ ಬೇಡ, ಅಂಗಿಯೊಳಗೆ, ಎದೆಗೊತ್ತಿ ಇರಲಿ,
ಹೆಪ್ಪುಗಟ್ಟಬಾರದು.
ಮತ್ತೆ ಇದು, ಉಪ್ಪುಸೌತೆಯ ಹಳೆಯ ಡಬ್ಬಿ:
ಬಳಸಿದ ಸೂಜಿ ಇದಕ್ಕೆ.

ಮೊದಲು ಗ್ಯಾರೇಜುಗಳ ಸಾಲು, ಏಳನೆಯ ಬಾಗಿಲು.
ತಟ್ಟಬೇಡ, ಕೆಮ್ಮು.
ತಟ್ಟುವವರು ಪೊಲೀಸರು.
ಗೆನ್ನಾದಿ ಮೂವತ್ತು ವರ್ಷ ಕುಲುಮೆಯ ಬಾಯಿ ಕಾದವ;
ಬೆನ್ನು ಹೋಯಿತು, ನೋವು ಉಳಿಯಿತು, ಆಮೇಲೆ ಪುಡಿ ಬಂತು.
ಉಪದೇಶ ಮಾಡಬೇಡ ಅವನಿಗೆ,
ಲೋಕದ ಉಪದೇಶವನ್ನೆಲ್ಲ ಮಗಳ ಬಾಯಿಂದಲೇ ಕೇಳಿಯಾಗಿದೆ.
ಚಹಾ ಕೊಟ್ಟರೆ ಕುಡಿ.
ಅವನ ಲೋಟದಲ್ಲೇ ಕುಡಿ.
ಲೋಟದಿಂದ ಬರುವುದಲ್ಲ ಅದು ಎಂದು
ಕರಪತ್ರ ಹತ್ತು ಸಲ ಹೇಳಿದ್ದನ್ನು
ನಿನ್ನ ತುಟಿ ಒಂದು ಸಲ ಹೇಳಲಿ.

ಹೆದ್ದಾರಿಯಲ್ಲಿ, ಲಾರಿ ತಂಗುವ ಕಡೆ, ಝಿಬೆಕ್.
ಮೊಣಕಾಲಿನವರೆಗೆ ಮಗನ ಶಾಲೆಯ ಸಾಕ್ಸು.
ಕಾಂಡೋಮನ್ನು ಎಣಿಸಿ ಕೊಡಬೇಡ, ಬೊಗಸೆ ತುಂಬ ಕೊಡು.
ಅದು ಬೇಡ, ದುಪ್ಪಟ್ಟು ಕೊಡುತ್ತೇನೆ ಎನ್ನುವ ಗಿರಾಕಿಯ ಮುಂದೆ
ಅವಳು ಮನೆಬಾಡಿಗೆಯ ಲೆಕ್ಕ ಹಾಕುತ್ತಾಳೆ.
ಅದಕ್ಕೇ ಇರುವುದು ದಿನಕ್ಕೊಂದು ಮಾತ್ರೆ,
ಮುಂಚೆಯೇ ನುಂಗುವಂಥದ್ದು, ಯಾರ ಅಪ್ಪಣೆಯನ್ನೂ ಕೇಳದ್ದು.
ಈ ತಿಂಗಳು ಬಂದಿಲ್ಲ.
ಯಾಕೆ ಎಂದು ಕೇಳುತ್ತಾಳೆ. ಗೊತ್ತಿಲ್ಲ ಎನ್ನು.
ಸುಳ್ಳು ಹೇಳಿದರೆ ಮುಂದಿನ ವಾರ
ಅವಳು ಬೇರೆ ಕಂಬದ ಕೆಳಗೆ ನಿಲ್ಲುತ್ತಾಳೆ.

ರಾಜಧಾನಿಯಿಂದ ಒಬ್ಬರು ಬಂದಿದ್ದರು, ಶರತ್ಕಾಲದಲ್ಲಿ.
ಗೋಡೆಯ ಮೇಲೆ ಬೆಳಕಿನ ಗೀಟು ತೋರಿಸಿದರು.
ಲೋಕದ ಗೀಟು ಇಳಿಯುತ್ತಿದೆಯಂತೆ,
ನಮ್ಮ ಕಡೆಯದು ಏರುತ್ತಿದೆಯಂತೆ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿಯೇ ಬೇಕು ಎಂದು
ಕಾದು ಕುಳಿತವರು ಯಾರು, ಕೇಳಬೇಕೆಂದಿದ್ದೆ.
ಕೇಳಲಿಲ್ಲ. ಬಿಸ್ಕತ್ತು ಚೆನ್ನಾಗಿತ್ತು.
ಅಪಾಯದ ಗುಂಪು ಎಂದರು ನಮ್ಮನ್ನು.
ಗುಂಪೆ?
ಒಬ್ಬೊಬ್ಬರೇ ನಿಂತಿರುತ್ತೇವೆ, ನೀನೇ ನೋಡುತ್ತೀಯಲ್ಲ.

*

ಒಂಬತ್ತಾಯಿತು. ಗಾಡಿ ಬದಿಗೆ ಹಾಕು.
ನೀರು ಕೊಡು, ಇದು ನನ್ನ ಮಾತ್ರೆ.
ಹದಿನಾರು ವರ್ಷದಿಂದ ಇದೇ ಹೊತ್ತು.
ಹುಡುಕಿದರೂ ಸಿಗದಷ್ಟು ಕಡಿಮೆ ಇದೆ ಅದು ನನ್ನ ರಕ್ತದಲ್ಲಿ,
ಮೈಗೆ ಮೈ ಸೇರಿದರೂ ದಾಟುವುದಿಲ್ಲ.
ದೌಲೆತ್‌ಗೆ ಇದು ಸಿಗಲಿಲ್ಲ.
ಒಂದೇ ಸೂಜಿ, ಅವನು ಮೊದಲು, ಆಮೇಲೆ ನಾನು,
ಒಂದೇ ತಟ್ಟೆಯಲ್ಲಿ ಉಂಡ ಹಾಗೆ.
ಪ್ರೀತಿ ಎಂದುಕೊಂಡಿದ್ದೆವು.
ಪ್ರೀತಿಯೂ ಆಗಿತ್ತು, ಸುಳ್ಳೇಕೆ.

ಈಗ ಬರೆದುಕೋ. ಕೊಟ್ಟದ್ದು, ತೊಂಬತ್ತೆರಡು.
ಆ ಕಾಲಂ ಮೇಲಿನವರಿಗೆ.
ನಾನು ನೋಡುವುದು ಪಕ್ಕದ್ದನ್ನು:
ಮರಳಿ ಬಂದದ್ದು, ಅರವತ್ತೇಳು.
ಡಬ್ಬಿ ಅಲ್ಲಾಡಿಸು, ಕೇಳು.
ಹೋದ ವಾರ ತೆಗೆದುಕೊಂಡ ಕೈ
ಈ ವಾರವೂ ಇದೆ ಎನ್ನುವ ಸದ್ದು ಅದು.
ಉಳಿದ ಇಪ್ಪತ್ತೈದು ಹಿಮದಡಿ ಬಿದ್ದಿರಬಹುದು,
ಯಾರದೋ ಜೇಬಿನಲ್ಲಿರಬಹುದು,
ಇಲ್ಲವೆ

ತಡಿ, ಅದು ಏಳನೆಯ ಬಾಗಿಲಲ್ಲವೆ?
ತೆರೆದೇ ಇದೆ.
ಈ ಚಳಿಗೆ ಬಾಗಿಲು ತೆರೆದಿಡುವವನಲ್ಲ ಗೆನ್ನಾದಿ.
ಇಳಿ, ಇಳಿ.
ಸೀಸೆ ಬೆಚ್ಚಗಿದೆಯೇ?